ಅನ್ನದ ಜೊತೆಗೆ ಗುರುತು

(ಮಂಗಳೂರಿನ ಭಕ್ತರ ಸಭೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಕಡಲ ತಡಿಯ ಈ ಪಟ್ಟಣದಲ್ಲಿ ನೀವೆಲ್ಲ ಒಂದೆಡೆ ಕೂಡಿರುವುದನ್ನು ಕಂಡು ನಮಗೆ ಸಂತೋಷವಾಗಿದೆ. ಇಲ್ಲಿ ಕುಳಿತವರನ್ನು ನಿಮ್ಮ ಊರು ಯಾವುದೆಂದು ಕೇಳಿದರೆ ಮಂಗಳೂರು ಎನ್ನುವವರು ಕೆಲವರೇ. ಒಬ್ಬರು ಬಾದಾಮಿ ಎನ್ನುತ್ತೀರಿ, ಒಬ್ಬರು ಗಜೇಂದ್ರಗಡ, ಒಬ್ಬರು ಕುಷ್ಟಗಿ, ಮತ್ತೊಬ್ಬರು ದಾವಣಗೆರೆ. ಬ್ಯಾಂಕಿನ ನೌಕರಿಗೆ ಬಂದವರಿದ್ದೀರಿ, ಕಾಲೇಜಿನಲ್ಲಿ ಪಾಠ ಹೇಳಲು ಬಂದವರಿದ್ದೀರಿ, ಕಟ್ಟಡಗಳ ಗುತ್ತಿಗೆ ಹಿಡಿದವರಿದ್ದೀರಿ. ಗಾರೆ ಕೆಲಸಕ್ಕೆ, ಸೆಂಟ್ರಿಂಗ್ ಕೆಲಸಕ್ಕೆ, ಮಣ್ಣು ಹೊರಲು ಬಂದವರೂ ಇದ್ದೀರಿ. ನೀವು ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ ಕುಳಿತಿದ್ದೀರಿ. ಬಾಗಿಲ ಹತ್ತಿರವೇ ಏಕೆ ಕುಳಿತಿರಿ ಎಂಬುದನ್ನು ಆಮೇಲೆ ವಿಚಾರಿಸೋಣ.

ಊರು ಬಿಟ್ಟು ಬಂದವರಿಂದಲೇ ಬೆಳೆದ ಊರು ಇದು. 1510ರಲ್ಲಿ ಗೋವೆಯು ಪೋರ್ಚುಗೀಸರ ವಶವಾಯಿತು. 1560ರಲ್ಲಿ ಅಲ್ಲಿ ಮತವಿಚಾರಣೆಯ ನ್ಯಾಯಾಲಯ ಸ್ಥಾಪನೆಯಾಯಿತು. ದೇವರನ್ನು ಎದೆಗೆ ಅವಚಿಕೊಂಡು ಕೊಂಕಣಿ ಮನೆತನಗಳು ದಕ್ಷಿಣದ ದಾರಿ ಹಿಡಿದವು. ಅನಂತರ ಕ್ಷಾಮಕ್ಕೂ ಯುದ್ಧಕ್ಕೂ ತೆರಿಗೆಗೂ ಅಂಜಿ ಕೊಂಕಣಿ ಮಾತಿನ ಕ್ರೈಸ್ತರೂ ಅದೇ ದಾರಿಯಲ್ಲಿ ಬಂದರು. ಇಂದು ಅವರೆಲ್ಲ ಈ ಊರಿನ ಹಳಬರು, ಪೇಟೆಯ ಹಿರಿಯರು. 1974ರಲ್ಲಿ ಪಣಂಬೂರಿನ ಬಂದರು ಮಹಾಬಂದರೆನಿಸಿತು. ಅದರ ಹಿಂದೆಯೇ ಕಾರ್ಖಾನೆಗಳು ಬಂದವು, ರಸ್ತೆಗಳು ಅಗಲವಾದವು, ಎತ್ತರದ ಕಟ್ಟಡಗಳು ಎದ್ದವು. ಆ ಕಟ್ಟಡಗಳ ಹಿಂದೆ ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ರಾಯಚೂರು ಸೀಮೆಯ ಕೂಲಿಕಾರರು ಘಟ್ಟ ಇಳಿದು ಬಂದರು. ಮೀನುಗಾರಿಕೆಯ ದಕ್ಕೆಗೆ ಆಂಧ್ರ, ತಮಿಳುನಾಡು, ಒಡಿಶಾ, ಜಾರ್ಖಂಡಿನವರು ಬಂದರು. ಇನ್ನೂ ಬರುತ್ತಲೇ ಇದ್ದಾರೆ. ಮೊದಲು ಬಂದವನು ಮನೆಯವನು, ಆಮೇಲೆ ಬಂದವನು ಪರಕೀಯ. ಇವರಿಬ್ಬರ ನಡುವೆ ಇರುವ ಅಂತರ ಕೆಲವು ವರುಷಗಳದ್ದು ಮಾತ್ರ.

ಕಲ್ಯಾಣವೂ ಹೀಗೆ ಬಂದವರ ಊರೇ ಆಗಿತ್ತು. ಮೋಳಿಗೆ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಬಂದು ಕಲ್ಯಾಣದಲ್ಲಿ ಕಟ್ಟಿಗೆ ಮಾರಿದರೆಂದು ನಮ್ಮ ಪರಂಪರೆ ಹೇಳುತ್ತದೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಬಂದವರು. ಲಿಂಗಸುಗೂರಿನ ಬಸ್ಸಿನಿಂದ ಇಂದು ಗಂಟುಮೂಟೆ ಹೊತ್ತು ಇಳಿಯುವ ಗಂಡ ಹೆಂಡಿರನ್ನು ನೀವು ನೋಡಿದ್ದೀರಿ. ಅವರನ್ನು ನೋಡುವಾಗ ಈ ದಂಪತಿಗಳ ನೆನಪಾಗಬೇಡವೆ? ಕಾಲ ಬೇರೆ, ಊರು ಬೇರೆ, ಆದರೆ ಹೊರಟ ನೆಲ ಅದೇ, ಹೊರಡಿಸಿದ ಹಸಿವೂ ಅದೇ.

ಕಲ್ಯಾಣಕ್ಕೆ ಬಂದ ಶರಣರು ಕೊನೆಗೆ ಕಲ್ಯಾಣವನ್ನು ಬಿಟ್ಟು ಹೋಗಬೇಕಾಯಿತು. ರಕ್ತಪಾತವಾಯಿತು, ಸೈನ್ಯ ಬೆನ್ನಟ್ಟಿತು. ಚೆನ್ನಬಸವಣ್ಣನವರೊಂದಿಗೆ ಶರಣ ಸಮೂಹವು ಘಟ್ಟದ ಕಾಡಿನ ಉಳವಿಯನ್ನು ಸೇರಿತು. ವಚನದ ಕಟ್ಟುಗಳನ್ನು ಹೊತ್ತುಕೊಂಡು, ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು, ಹಗಲು ಅಡಗಿ ಇರುಳು ನಡೆದ ಆ ಜನರನ್ನು ಇಂದಿನ ಮಾತಿನಲ್ಲಿ ಏನೆಂದು ಕರೆಯಬೇಕು? ನಿರಾಶ್ರಿತರು ಎಂದೇ ಕರೆಯಬೇಕು. ದಾರಿಯ ಹಳ್ಳಿಗಳಲ್ಲಿ ಯಾರೋ ಬಾಗಿಲು ತೆರೆದರು, ಯಾರೋ ಅಂಬಲಿ ಕೊಟ್ಟರು, ಯಾರೋ ದಾರಿ ತೋರಿದರು. ಅವರ ಹೆಸರು ಯಾವ ಪುರಾಣದಲ್ಲಿಯೂ ಇಲ್ಲ. ಅವರು ಬಾಗಿಲು ಮುಚ್ಚಿದ್ದರೆ ನಮ್ಮ ಕೈಗೆ ವಚನಗಳು ಬರುತ್ತಿರಲಿಲ್ಲ. ನಾವೆಲ್ಲ ನಿರಾಶ್ರಿತರ ವಾರಸುದಾರರು ಎಂಬುದನ್ನು ಮರೆಯಬಾರದು.

ಈ ಕರಾವಳಿಯನ್ನು ಆಳಿದ ಕೆಳದಿಯ ಅರಸರು ಶಿವಭಕ್ತ ಮನೆತನದವರು. ಅವರಲ್ಲಿ ರಾಣಿ ಚೆನ್ನಮ್ಮಾಜಿಯ ಹೆಸರನ್ನು ನಮ್ಮ ತಾಯಂದಿರು ಬಲ್ಲರು. 1689ರಲ್ಲಿ ಸಂಭಾಜಿಯ ವಧೆಯಾದ ಮೇಲೆ ಶಿವಾಜಿಯ ಕಿರಿಯ ಮಗ ರಾಜಾರಾಮನು ಮೊಗಲರ ಕೈಗೆ ಸಿಕ್ಕದಂತೆ ಜಿಂಜಿಯ ಕಡೆಗೆ ಹೊರಟಿದ್ದನು. ಅವನಿಗೆ ಆಶ್ರಯ ಕೊಡುವುದೆಂದರೆ ಔರಂಗಜೇಬನ ಹಗೆಯನ್ನು ಕೊಳ್ಳುವುದೆಂದೇ ಅರ್ಥ. ಚೆನ್ನಮ್ಮಾಜಿಯು ಅದನ್ನು ತಿಳಿದೂ ಆಶ್ರಯ ಕೊಟ್ಟಳು. ಮೊಗಲ ಸೈನ್ಯ ಬಂದಾಗ ಎದುರಿಸಿದಳು. ಅವಳು ಅವನಿಗೆ ಊಟ ಹಾಕಿದ್ದು ದೊಡ್ಡ ಮಾತಲ್ಲ. ಮುಂದಿನ ಊರಿನವರೆಗೆ ಸುರಕ್ಷಿತವಾಗಿ ದಾಟಿಸಿದಳು ನೋಡಿ, ಅದು ದೊಡ್ಡ ಮಾತು. ನಮ್ಮ ಕಾಲದಲ್ಲಿ ಟಿಬೆಟಿನಿಂದ ಬಂದವರಿಗೆ ಈ ನಾಡು 1960ರ ದಶಕದಲ್ಲಿ ಬೈಲುಕುಪ್ಪೆಯಲ್ಲಿ, ಮುಂಡಗೋಡದಲ್ಲಿ ಭೂಮಿ ಕೊಟ್ಟಿತು. ಅವರು ಕೈಚಾಚಿ ಕೂರಲಿಲ್ಲ, ಆ ನೆಲದಲ್ಲಿ ಮೆಕ್ಕೆಜೋಳ ಬೆಳೆದರು. ಕಾಯಕಕ್ಕೆ ನೆಲ ಸಿಕ್ಕಿದರೆ ನಿರಾಶ್ರಿತನು ಬಹುಕಾಲ ನಿರಾಶ್ರಿತನಾಗಿ ಉಳಿಯುವುದಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರೋಣ. ತಿಂಗಳಿಗೊಮ್ಮೆ ಈ ಊರಿನ ಕೂಲಿಕಾರರ ಬಿಡಾರಗಳಿಗೆ ಹೋಗಿ ಅನ್ನದಾಸೋಹ ಮಾಡಬೇಕೆಂದು ನಿಮ್ಮಲ್ಲಿ ಹಲವರು ನಿಶ್ಚಯಿಸಿದ್ದೀರಿ. ನಮ್ಮ ಆಶೀರ್ವಾದ ಬೇಕೆಂದಿದ್ದೀರಿ. ಆಶೀರ್ವಾದ ಇದ್ದೇ ಇದೆ. ಹಸಿದವನ ಮುಂದೆ ಎಲೆ ಹಾಸುವುದಕ್ಕೆ ಬೇಡವೆನ್ನುವ ಸ್ವಾಮಿ ಇದ್ದಾನೆಯೆ? ಆದರೆ ಅದರ ಜೊತೆಗೆ ಇನ್ನೊಂದು ಕೆಲಸವಿದೆ. ಅದನ್ನು ಮಾಡದಿದ್ದರೆ ನಿಮ್ಮ ಅನ್ನವೂ ಅರೆಯಾಗಿ ಉಳಿಯುತ್ತದೆ. ಅದು ಯಾವುದೆಂದು ಹೇಳುವ ಮೊದಲು ಮಹಾಮನೆಯ ಒಂದು ಪ್ರಸಂಗವನ್ನು ನೆನೆಯೋಣ.

ಮರುಳಶಂಕರದೇವರ ಕಥೆ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಅವರು ಅಫಘಾನಿಸ್ತಾನದ ಕಡೆಯಿಂದ ಬಂದವರೆಂದು ಪರಂಪರೆ ಹೇಳುತ್ತದೆ. ಭಾಷೆ ಬೇರೆ, ಉಡುಪು ಬೇರೆ. ಬಸವಣ್ಣನವರ ಮಹಾಮನೆಯಲ್ಲಿ ಪ್ರಸಾದ ಸ್ವೀಕರಿಸುತ್ತ, ಕೆಳಗಿನ ಸೇವೆ ಮಾಡುತ್ತ, ಯಾರ ಕಣ್ಣಿಗೂ ಬೀಳದೆ 12 ವರುಷ ಅಲ್ಲಿಯೇ ಇದ್ದರು. ನೂರಾರು ಜನ ಅವರ ಪಕ್ಕದಲ್ಲಿ ಓಡಾಡಿದರು. ಹುಚ್ಚನೆಂದು ಬಗೆದವರೂ ಇದ್ದರು. ಅಲ್ಲಮಪ್ರಭುಗಳು ಬಂದು, ಇಲ್ಲೊಬ್ಬ ಮಹಾತ್ಮನಿದ್ದಾನೆ ಎಂದು ತೋರಿಸಿದ ಮೇಲೆ ಬಸವಣ್ಣನವರು ತಮ್ಮ ಮನೆಯಲ್ಲೇ ಇದ್ದವರನ್ನು ಮೊದಲ ಬಾರಿಗೆ ನೋಡಿದರು, ನೋಡಿ ನೊಂದುಕೊಂಡರು.

ಈ ಕಥೆಯನ್ನು ಅಧ್ಯಾತ್ಮದ ದೃಷ್ಟಿಯಿಂದ ನೀವು ಹಲವು ಸಲ ಕೇಳಿದ್ದೀರಿ. ಇಂದು ಅದನ್ನು ಲೋಕದ ದೃಷ್ಟಿಯಿಂದ ಕೇಳಿರಿ. ಜಗತ್ತಿನಲ್ಲಿ ದಾಸೋಹಕ್ಕೆ ಹೆಸರಾದ ಮನೆ ಅದು. ಅಲ್ಲಿ ಪರದೇಶಿಯೊಬ್ಬನಿಗೆ 12 ವರುಷ ಅನ್ನ ಸಿಕ್ಕಿತು, ಗುರುತು ಸಿಗಲಿಲ್ಲ. ಬಸವಣ್ಣನವರ ಮನೆಯಲ್ಲೇ ಹೀಗಾಯಿತೆಂದ ಮೇಲೆ ನಮ್ಮ ನಿಮ್ಮ ಪಾಡೇನು? ಬಡಿಸುವವನ ಕಣ್ಣು ಎಲೆಯ ಮೇಲೆ ಇರುತ್ತದೆ. ಎಲೆಯ ಹಿಂದೆ ಕುಳಿತವನ ಮುಖದ ಮೇಲೆ ಇರುವುದಿಲ್ಲ. ಅನ್ನದ ಜೊತೆಗೆ ಗುರುತನ್ನೂ ಕೊಡಬೇಕು. ನಾವು ಇಂದು ಹೇಳಬೇಕೆಂದಿರುವುದು ಇಷ್ಟೇ.

ಗುರುತು ಎಂದರೆ ಎರಡು ಬಗೆ. ಒಂದು, ಹೆಸರು ಹಿಡಿದು ಕರೆಯುವುದು. ಈ ಊರಿನಲ್ಲಿ ಕೂಲಿಕಾರನಿಗೆ ಘಟ್ಟದವನು ಎಂಬ ಒಂದೇ ಹೆಸರು. ಅವನಿಗೆ ತಂದೆತಾಯಿ ಇಟ್ಟ ಹೆಸರಿದೆ, ಊರಿದೆ, ಮನೆದೇವರಿದೆ. ಅದನ್ನು ಕೇಳಿದವರು ಯಾರು? ಅವನು ಕಟ್ಟಿದ ಮನೆಯ ಗೃಹಪ್ರವೇಶಕ್ಕೆ ಊರೆಲ್ಲ ಬರುತ್ತದೆ. ಆ ಹೊತ್ತಿಗೆ ಅವನು ಮತ್ತೊಂದು ಅಡಿಪಾಯದ ಗುಂಡಿಯಲ್ಲಿರುತ್ತಾನೆ. ಹಿಂದಿನ ಸಾಲಿನವರು ಬಾಗಿಲ ಹತ್ತಿರ ಕುಳಿತದ್ದೂ ಇದಕ್ಕಾಗಿಯೇ. ಮುಂದೆ ಬನ್ನಿ ಎಂದು ಹೆಸರು ಹಿಡಿದು ಕರೆದವರಿಲ್ಲ.

ಗುರುತಿನ ಎರಡನೆಯ ಬಗೆ ಸರ್ಕಾರದ ಗುರುತು; ಅಂದರೆ ಚೀಟಿ. ಸ್ವಾಮಿಗಳು ಮೋಕ್ಷದ ಮಾತು ಬಿಟ್ಟು ಚೀಟಿಯ ಮಾತು ಆಡುತ್ತಾರಲ್ಲ ಎಂದು ನಿಮಗೆ ನಗು ಬಂದೀತು. ಬರಲಿ. ಬಡವನ ಮನೆಯಲ್ಲಿ ಒಂದು ಚೀಟಿ ಏನು ಮಾಡಬಲ್ಲದು ಎಂಬುದನ್ನು ವಿಚಾರಿಸಿದರೆ ನಗು ನಿಲ್ಲುತ್ತದೆ.

ಕುಷ್ಟಗಿಯ ಕಡೆಯ ಒಬ್ಬ ಗಾರೆಯವನನ್ನು ಭಾವಿಸಿಕೊಳ್ಳಿರಿ. ಹೆಂಡತಿ ಇದ್ದಾಳೆ, ಇಬ್ಬರು ಮಕ್ಕಳಿದ್ದಾರೆ. ಕಟ್ಟಡದ ಪಕ್ಕದಲ್ಲೇ ತಗಡಿನ ಶೆಡ್ಡು. ಒಂದು ದಿನ ಸಾರವೆಯಿಂದ ಕಾಲು ಜಾರಿ ಬಿದ್ದು ಅವನು ತೀರಿಕೊಂಡನೆನ್ನಿ. ಅಂಥವನ ಹೆಂಡತಿಗೆ ಪರಿಹಾರ ಇಲ್ಲವೆ? ಇದೆ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿಯೇ ಕಾನೂನು ಬಂತು. ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ರಷ್ಟು ಸುಂಕವನ್ನು ಎತ್ತಿ, ಅದನ್ನು ಕಾರ್ಮಿಕರಿಗೇ ಕೊಡಬೇಕೆಂದು ವ್ಯವಸ್ಥೆಯಾಯಿತು. ನಮ್ಮ ರಾಜ್ಯದಲ್ಲಿ 2007ರಲ್ಲಿ ಅದಕ್ಕಾಗಿ ಕಲ್ಯಾಣ ಮಂಡಳಿ ಸ್ಥಾಪನೆಯಾಯಿತು. ಆ ಹಳೆಯ ಕಾನೂನು 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳೊಳಗೆ ಸೇರಿದೆ. ನೆರವಿನ ಏರ್ಪಾಡು ಉಳಿದಿದೆ. ಮಕ್ಕಳ ಓದಿಗೆ, ಹೆರಿಗೆಗೆ, ಚಿಕಿತ್ಸೆಗೆ, ಅಪಘಾತಕ್ಕೆ, ಮುಪ್ಪಿಗೆ ನೆರವಿದೆ. ಆದರೆ ಆ ನೆರವಿನ ಬಾಗಿಲು ತೆರೆಯಬೇಕಾದರೆ ಮಂಡಳಿಯಲ್ಲಿ ಹೆಸರು ನೋಂದಾಯಿಸಿರಬೇಕು, ಕಾಲಕಾಲಕ್ಕೆ ನವೀಕರಿಸಿರಬೇಕು. ನೋಂದಾಯಿಸಲು ವರುಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದೇನೆಂಬ ದೃಢೀಕರಣ ಬೇಕು. ಇದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಒಂದು ದಿನದ ಕೂಲಿ ಬಿಟ್ಟು ಕಚೇರಿಗೆ ಹೋಗುವ ಧೈರ್ಯವಿರಲಿಲ್ಲ. ಅವಳ ಪಾಲಿನ ಹಣ ಮಂಡಳಿಯ ಬೊಕ್ಕಸದಲ್ಲಿದೆ. ಅವಳು ಮಕ್ಕಳನ್ನು ಕಟ್ಟಿಕೊಂಡು ಊರಿನ ಬಸ್ಸು ಹತ್ತುತ್ತಾಳೆ. ನೀವು ಅವರಿಗೆ ವರುಷದಲ್ಲಿ 12 ಹೊತ್ತು ಊಟ ಹಾಕಿದ್ದಿರಿ. ಒಂದು ಮಧ್ಯಾಹ್ನ ಅವನ ಜೊತೆಗೆ ಹೋಗಿ ಆ ನೋಂದಣಿಯನ್ನು ಮಾಡಿಸಿದ್ದರೆ ಯಾವುದು ದೊಡ್ಡ ದಾಸೋಹವಾಗುತ್ತಿತ್ತು? ನೀವೇ ಹೇಳಿರಿ.

ಇನ್ನೂ ಕೇಳಿರಿ. ಒಂದು ದೇಶ ಒಂದು ಪಡಿತರ ಚೀಟಿ ಎಂಬ ಏರ್ಪಾಡಿನಿಂದ ಊರಿನ ಚೀಟಿಯ ಅಕ್ಕಿಯನ್ನು ಮಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿಯೇ ಪಡೆಯಬಹುದು, ಜಾರ್ಖಂಡಿನವನೂ ಪಡೆಯಬಹುದು. ಆದರೆ ಅಂಗಡಿಯ ಯಂತ್ರಕ್ಕೆ ಬೆರಳು ಒತ್ತಬೇಕು. ಸಿಮೆಂಟು ತಿಂದು ಸವೆದ ಬೆರಳಿನ ಗೆರೆಗಳನ್ನು ಆ ಯಂತ್ರ ಎಷ್ಟೋ ಸಲ ಗುರುತಿಸುವುದೇ ಇಲ್ಲ. ದುಡಿದು ದುಡಿದು ಗುರುತೇ ಅಳಿಸಿಹೋದ ಕೈ ಅದು! ಅಂಥವನು ಮರುಮಾತಾಡದೆ ಚೀಲ ಮಡಚಿಕೊಂಡು ಹಿಂದಿರುಗುತ್ತಾನೆ. ಬೇರೆ ರೀತಿಯಿಂದ ಗುರುತು ಸಾಬೀತುಪಡಿಸಲು ಅವಕಾಶವಿದೆಯೆ ಎಂದು ವಿಚಾರಿಸುವ ಬಾಯಿ ಅವನಿಗಿಲ್ಲ. ಆ ಬಾಯಿಯನ್ನು ನೀವು ಕೊಡಬೇಕು.

ಮಕ್ಕಳ ಮಾತು ಇನ್ನೂ ಕಷ್ಟದ್ದು. ಶಿಕ್ಷಣದ ಹಕ್ಕಿನ ಕಾನೂನು 2010ರ ಏಪ್ರಿಲಿನಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರುಷದ ಮಗುವನ್ನು ವರುಷದ ನಡುವೆ ಬಂದರೂ ಶಾಲೆಗೆ ಸೇರಿಸಿಕೊಳ್ಳಬೇಕು. ವರ್ಗಾವಣೆ ಪತ್ರ ಬರಲಿಲ್ಲ, ಹುಟ್ಟಿದ ತಾರೀಕಿನ ದಾಖಲೆ ಇಲ್ಲ ಎಂದು ಹಿಂದಕ್ಕೆ ಕಳುಹಿಸಬಾರದು. ಇದು ತಾಯಿಗೆ ತಿಳಿಯದು. ಜೋಳ ಬಿತ್ತುವ ಹೊತ್ತಿಗೆ ಊರಿಗೆ, ಸುಗ್ಗಿ ಮುಗಿದ ಮೇಲೆ ಮಂಗಳೂರಿಗೆ ಎಂದು ಅಲೆಯುವ ಮನೆಯಲ್ಲಿ ಮಗುವಿನ ಹೆಸರು ಎರಡೂ ಶಾಲೆಯ ಹಾಜರಿಯಿಂದ ಜಾರಿಹೋಗುತ್ತದೆ. ತಮ್ಮನನ್ನು ನೋಡಿಕೊಳ್ಳಲೆಂದು ಎಂಟು ವರುಷದ ಅಕ್ಕ ಶೆಡ್ಡಿನಲ್ಲಿ ಉಳಿಯುತ್ತಾಳೆ. ತಮ್ಮನಿಗೆ ಅಂಗನವಾಡಿಯಲ್ಲಿ ಜಾಗ ಕೊಡಿಸಿದರೆ ಅಕ್ಕನಿಗೆ ಶಾಲೆ ಸಿಗುತ್ತದೆ. ಎಷ್ಟು ಸಣ್ಣ ಕೆಲಸ, ಎಷ್ಟು ದೊಡ್ಡ ಫಲ! ಹಾಗೆಯೇ ಕೂಲಿ ಬಾಕಿ ಉಳಿದರೆ, ಗಂಡ ಬಿಟ್ಟುಹೋದರೆ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರವಿದೆ. 1987ರ ಕಾನೂನಿನಂತೆ ಹೆಂಗಸರಿಗೂ ಮಕ್ಕಳಿಗೂ ಅಲ್ಲಿ ವಕೀಲರ ನೆರವು ಉಚಿತ. ಇದನ್ನು ಗೋಡೆಯ ಮೇಲೆ ಬರೆದಿದ್ದಾರೆ. ಓದು ಬಾರದವಳಿಗೆ ಗೋಡೆಯ ಬರಹದಿಂದ ಏನು ಪ್ರಯೋಜನ?

ಈ ಜಿಲ್ಲೆಯಲ್ಲಿಯೇ ಇದಕ್ಕೆ ನಿದರ್ಶನವುಂಟು. 1964ರಲ್ಲಿ ಪ್ರಧಾನಿ ಶಾಸ್ತ್ರಿಯವರಿಗೂ ಸಿಂಹಳದ ಪ್ರಧಾನಿ ಸಿರಿಮಾವೋ ಅವರಿಗೂ ಒಪ್ಪಂದವಾಗಿ, ಅಲ್ಲಿನ ತೋಟಗಳಲ್ಲಿ ತಲೆತಲಾಂತರದಿಂದ ದುಡಿದ ತಮಿಳು ಕುಟುಂಬಗಳು ಭಾರತಕ್ಕೆ ಮರಳಿದವು. ಅವರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರು ತೋಟಗಳಲ್ಲಿ ಕೆಲಸವನ್ನೂ ವಸತಿಯನ್ನೂ ಕೊಟ್ಟರು. ಅನ್ನವಾಯಿತು, ಸೂರಾಯಿತು. ಆದರೆ ಅವರ ಮಕ್ಕಳು ಓದಿ ಮುಂದೆ ಹೋಗಬೇಕೆಂದಾಗ ಜಾತಿ ಪ್ರಮಾಣ ಪತ್ರಕ್ಕಾಗಿ ವರುಷಗಟ್ಟಲೆ ಅಲೆಯಬೇಕಾಯಿತು. ಒಂದು ಹಾಳೆಯ ಕೊರತೆಯಿಂದ ಜಾಣ ಹುಡುಗನೂ ಅಪ್ಪನ ಹಾಗೆ ರಬ್ಬರು ಹಾಲು ಇಳಿಸುವ ಕತ್ತಿಯನ್ನೇ ಹಿಡಿಯಬೇಕಾಗುತ್ತದೆ.

ಮಂಗಳೂರಿನ ಹಿರಿಯರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. 1880ರಲ್ಲಿ ಜರ್ಮನಿಯ ಪಾದ್ರಿ ಆಗಸ್ಟಸ್ ಮುಲ್ಲರರು ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡಲು ಆರಂಭಿಸಿದರು. ಅದು ಬೆಳೆದು ದೊಡ್ಡ ಆಸ್ಪತ್ರೆಯಾಯಿತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಇಲ್ಲಿಗೆ ಬಂದರು. ಮತ ಬದಲಿಸಿದವರು ಕುಲದ ಕಸುಬನ್ನೂ ಮನೆಯ ಆಸರೆಯನ್ನೂ ಕಳೆದುಕೊಂಡಾಗ ಅವರನ್ನು ದಾನದ ಮೇಲೆ ಬದುಕಿಸಲಿಲ್ಲ. ಮಗ್ಗ ಹಾಕಿದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು, ಕೈಗೆ ಕೆಲಸ ಕೊಟ್ಟರು. ಅವರ ಮತ ಬೇರೆ, ಗುರಿ ಬೇರೆ ಇರಬಹುದು. ಆದರೆ ಕಾಯಕದ ಬೆಲೆಯನ್ನು ಯಾರು ಅರಿತರೂ ಅವರಿಂದ ಕಲಿಯಲು ನಮಗೆ ಸಂಕೋಚವಿರಬಾರದು.

ಇನ್ನು ಕುದ್ಮುಲ್ ರಂಗರಾಯರು. 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ವಕೀಲರಾದವರು. ವಕೀಲಿಕೆಯಲ್ಲಿ ಸಂಪಾದಿಸುತ್ತ ಸುಖವಾಗಿ ಇರಬಹುದಾಗಿತ್ತು. 1897ರಲ್ಲಿ ದಲಿತ ವರ್ಗಗಳ ಉದ್ಧಾರಕ್ಕಾಗಿ ಸಂಸ್ಥೆಯನ್ನು ಕಟ್ಟಿದರು. ಮುಟ್ಟಬಾರದೆಂದು ದೂರವಿಟ್ಟ ಮಕ್ಕಳಿಗೆ ಶಾಲೆ ತೆರೆದರು, ಮಧ್ಯಾಹ್ನ ಊಟ ಹಾಕಿದರು, ಮನೆ ಕಟ್ಟಲು ನೆಲ ಕೊಡಿಸಿದರು, ನೇಯ್ಗೆ ಮರಗೆಲಸ ಕಲಿಸಿದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರೂ ಹಿಂದೆ ಸರಿಯಲಿಲ್ಲ. ತಾನು ಓದಿಸಿದ ಮಗುವೊಂದು ದೊಡ್ಡ ಹುದ್ದೆಗೇರಿ ಮೋಟಾರಿನಲ್ಲಿ ಹೋಗುವಾಗ ಅದರ ಧೂಳು ತನ್ನ ತಲೆಯ ಮೇಲೆ ಬಿದ್ದರೆ ಜನ್ಮ ಸಾರ್ಥಕವೆಂದು ಅವರು ಬಯಸಿದ್ದರು. ಈ ಬಯಕೆಯನ್ನು ಸ್ವಲ್ಪ ವಿಚಾರ ಮಾಡಿರಿ. ಕೊಡುವವನು ಸಾಮಾನ್ಯವಾಗಿ ಪಡೆದವನು ತನ್ನ ಮುಂದೆ ತಲೆ ಬಾಗಲೆಂದು ಬಯಸುತ್ತಾನೆ. ಈ ಪುಣ್ಯಾತ್ಮರು ಪಡೆದವನು ತನಗಿಂತ ಎತ್ತರಕ್ಕೆ ಹೋಗಲಿ, ತನ್ನನ್ನು ದಾಟಿ ಹೋಗಲಿ ಎಂದು ಬಯಸಿದರು. ದಾನಕ್ಕೂ ದಾಸೋಹಕ್ಕೂ ಇರುವ ಭೇದ ಇದೇ. ದಾನ ಮಾಡುವವನು ದಾನಿಯಾಗಿಯೇ ಉಳಿಯುತ್ತಾನೆ; ದಾಸೋಹ ಮಾಡುವವನು ದಾಸನಾಗಬೇಕು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಜಾತಿ ಕೇಳದೆ ಸುಮಾರು 10,000 ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಒಟ್ಟಿಗೆ ಕೊಟ್ಟದ್ದು ಇದೇ ದಾರಿಯಲ್ಲಿ. ಅಕ್ಷರವಿಲ್ಲದೆ ಅನ್ನವನ್ನಷ್ಟೇ ಕೊಟ್ಟಿದ್ದರೆ ಅಪ್ಪನ ಎಲೆ ಎತ್ತಿದ ಜಾಗದಲ್ಲೇ ಮಗನ ಎಲೆ ಹಾಸಬೇಕಾಗುತ್ತಿತ್ತು.

ಇಲ್ಲಿ ಗುತ್ತಿಗೆದಾರರಾದ ಭಕ್ತರಿಗೆ ಎರಡು ಮಾತು ಹೇಳಬೇಕು. ಮುಂದಿನ ಸಾಲಿನಲ್ಲಿ ಕುಳಿತಿದ್ದೀರಿ; ಮಠಕ್ಕೆ ನಿಮ್ಮಿಂದ ಅಕ್ಕಿ ಬರುತ್ತದೆ, ಬೆಲ್ಲ ಬರುತ್ತದೆ. ಕೂಲಿಯನ್ನು ತಡೆಹಿಡಿದು ಹಾಕುವ ಊಟ ದಾಸೋಹವಲ್ಲ. ಅವನದನ್ನೇ ಅವನಿಗೆ ಬಡಿಸಿ ಪುಣ್ಯ ಕೇಳಿದ ಹಾಗೆ. ಮೊದಲು ಕೂಲಿ, ಅದೂ ವಾರಕ್ಕೆ ವಾರಕ್ಕೆ. ಆಮೇಲೆ ಊಟ. ಎರಡನೆಯದು, ಆ 90 ದಿನಗಳ ದೃಢೀಕರಣಕ್ಕೆ ನಿಮ್ಮ ಒಂದು ಸಹಿ ಸಾಕು. ಅದಕ್ಕೆ ನಿಮಗೆ ಒಂದು ಕಾಸು ಖರ್ಚಿಲ್ಲ. ಸಹಿ ಹಾಕಿದರೆ ನಾಳೆ ಲೆಕ್ಕ ಕೇಳಿಯಾರು ಎಂದು ಕೆಲವರು ಹಿಂಜರಿಯುತ್ತಾರೆ. ಲೆಕ್ಕ ಕೊಡಲಾಗದ ಕಾಯಕ ಕಾಯಕವೇ? ಶಿವನಿಗೆ ಲೆಕ್ಕ ಒಪ್ಪಿಸುವ ದಿನಕ್ಕಿಂತ ಕಾರ್ಮಿಕ ಇಲಾಖೆಯ ದಿನ ಹಗುರವಾದದ್ದೇ.

ಹಿಂದಿನ ಸಾಲಿನ ಮಕ್ಕಳಿಗೂ ಒಂದು ಮಾತಿದೆ. ಕಟ್ಟಡದ ಕೆಲಸವನ್ನೇ ಮಾಡದ ಎಷ್ಟೋ ಜನ ಕಾರ್ಮಿಕರ ಚೀಟಿ ಮಾಡಿಸಿಕೊಂಡರು. ಅವು ಸುಳ್ಳೆಂದು ತಿಳಿದು ಸರ್ಕಾರ ಬಹಳಷ್ಟನ್ನು ರದ್ದು ಮಾಡಿತು. ಕಳ್ಳರ ಜೊತೆಗೆ ಸಾಚಾ ಮನುಷ್ಯನೂ ಸಂಶಯಕ್ಕೆ ಒಳಗಾದನು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದರು. ಲಕ್ಕಮ್ಮ ಅದನ್ನು ಒಳಗೆ ತರಗೊಡಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಮನೆಯಲ್ಲಿ ನಾಳೆಗೆ ಹಿಡಿ ಅಕ್ಕಿ ಇಲ್ಲದ ಹೆಣ್ಣುಮಗಳ ಸ್ವಾಭಿಮಾನ ಅದು. ನಿಮಗೆ ಸಲ್ಲುವುದನ್ನು ತಲೆ ಎತ್ತಿ ಕೇಳಿರಿ. ಅದು ಭಿಕ್ಷೆಯಲ್ಲ, ನಿಮ್ಮ ಬೆವರಿನ ಮೇಲೆಯೇ ಎತ್ತಿದ ಸುಂಕ. ಸಲ್ಲದುದನ್ನು ಮುಟ್ಟಬೇಡಿರಿ.

2020ನ್ನು ಯಾರೂ ಮರೆತಿಲ್ಲ. ಮಾರ್ಚಿಯಲ್ಲಿ ಕೊರೋನಾ ರೋಗಕ್ಕಾಗಿ ದೇಶವೇ ಬಾಗಿಲು ಹಾಕಿತು. ಕೆಲಸ ನಿಂತಿತು, ಕೂಲಿ ನಿಂತಿತು. ಶೆಡ್ಡುಗಳಲ್ಲಿ ಸಿಕ್ಕಿಬಿದ್ದ ಜನ ಮೇ ತಿಂಗಳಲ್ಲಿ ಬಸ್ಸು ಬಿಟ್ಟಾಗ, ರೈಲು ಬಿಟ್ಟಾಗ ಊರಿನ ದಾರಿ ಹಿಡಿದರು. ಆ ದಿನಗಳಲ್ಲಿ ಈ ಊರಿನ ದೇವಸ್ಥಾನ, ಮಸೀದಿ, ಇಗರ್ಜಿಗಳವರೂ ತರುಣರ ಸಂಘಗಳೂ ಅನ್ನದ ಪೊಟ್ಟಣ ಹಂಚಿದರು; ಅದು ದೊಡ್ಡ ಪುಣ್ಯ. ಆದರೆ ಆಗ ಎಲ್ಲರಿಗೂ ತಿಳಿದ ಒಂದು ಸತ್ಯವಿದೆ. ಯಾವ ಶೆಡ್ಡಿನಲ್ಲಿ ಎಷ್ಟು ಜನರಿದ್ದಾರೆ, ಯಾವ ಊರಿನವರು, ಯಾರು ಬಸುರಿ, ಯಾರು ರೋಗಿ ಎಂಬ ಪಟ್ಟಿ ಯಾರ ಕೈಯಲ್ಲೂ ಸರಿಯಾಗಿ ಇರಲಿಲ್ಲ. ಸಂಕಟ ಬಂದ ಮೇಲೆ ಎಣಿಸಲು ಹೊರಟರೆ ಎಣಿಕೆ ಮುಗಿಯುವ ಹೊತ್ತಿಗೆ ಹಸಿದವನು ನಡೆಯಲು ಆರಂಭಿಸಿರುತ್ತಾನೆ.

ಆದುದರಿಂದ ನಿಮ್ಮ ಅನ್ನದಾಸೋಹಕ್ಕೆ ನಾವು ಒಂದು ಕಟ್ಟಳೆ ಹಾಕುತ್ತೇವೆ. ಅನ್ನದ ಕೊಪ್ಪರಿಗೆ ಹೋಗುವ ಕಡೆಗೆಲ್ಲ ಒಂದು ಮೇಜು, ಒಂದು ಪುಸ್ತಕ ಹೋಗಲಿ. ಮೇಜಿನ ಹಿಂದೆ ಇಬ್ಬರು ಓದಿದವರು ಕೂರಲಿ. ನಿವೃತ್ತರಾದ ಬ್ಯಾಂಕಿನವರು, ಮೇಷ್ಟರು, ವಕೀಲರು ನಿಮ್ಮಲ್ಲಿದ್ದೀರಿ. ಕೈಯಲ್ಲಿ ಹೊತ್ತಿದೆ, ನಾಲಗೆಯಲ್ಲಿ ಕಚೇರಿಯ ಭಾಷೆಯಿದೆ. ಉಂಡು ಎದ್ದವರ ಹೆಸರು, ಊರು, ಮಕ್ಕಳೆಷ್ಟು, ಶಾಲೆಗೆ ಹೋಗುತ್ತವೆಯೆ, ಪಡಿತರ ಬರುತ್ತದೆಯೆ, ಮಂಡಳಿಯ ನೋಂದಣಿ ಆಗಿದೆಯೆ ಎಂದು ಕೇಳಿ ಬರೆದುಕೊಳ್ಳಿರಿ. ಆ ಪುಸ್ತಕ ಅವರಿಗೆ ಒಳ್ಳೆಯದನ್ನು ಮಾಡುವುದಕ್ಕೆ ಮಾತ್ರ; ಹೊರಗಿನವರ ಕೈಗೆ ಕೊಡಬಾರದು. ಮರುವಾರ ಅವರಲ್ಲಿ ಒಬ್ಬರನ್ನು ಕಚೇರಿಗೆ ಕರೆದುಕೊಂಡು ಹೋಗಿರಿ. ದಾರಿ ಹೇಳಿ ಕಳುಹಿಸಿದರೆ ಸಾಲದು, ಜೊತೆಗೆ ಹೋಗಬೇಕು. ಬಡವನು ಒಬ್ಬನೇ ಹೋದಾಗ ನಾಳೆ ಬಾ ಎನ್ನುವ ಗುಮಾಸ್ತ ಪಕ್ಕದಲ್ಲಿ ಮೇಷ್ಟರು ನಿಂತಾಗ ಕುಳಿತುಕೊಳ್ಳಿ ಎನ್ನುತ್ತಾನೆ. ಇದು ನಾಚಿಕೆಯ ಸಂಗತಿ, ಆದರೂ ಸತ್ಯ. ಅಂಥ ಸಂಗಾತಿಯಾಗುವುದೇ ನಾವು ಹೇಳುವ ದಾಸೋಹ.

ತಾಯಂದಿರು ಹೆಂಗಸರನ್ನು ವಿಚಾರಿಸಿಕೊಳ್ಳಿರಿ. ಯವ್ವಾ ಎಂದು ನಿಮ್ಮ ಸೀಮೆಯ ಮಾತಿನಲ್ಲಿ ಕರೆದರೆ ಅರ್ಧ ಸಂಕಟ ತಾನಾಗಿ ಹೊರಗೆ ಬರುತ್ತದೆ. ಬಸುರಿಗೆ ತಾಯಿ ಕಾರ್ಡು ಮಾಡಿಸುವುದು, ಮಗುವಿಗೆ ಲಸಿಕೆ ಹಾಕಿಸುವುದು ನಿಮ್ಮ ಪಾಲಿನದು. ಒಡಿಶಾದವರ, ಬಿಹಾರದವರ ಮಾತು ನಿಮಗೆ ಬಾರದಿದ್ದರೆ ಹಿಂದಿ ಕಲಿತ ನಿಮ್ಮ ಮಕ್ಕಳನ್ನು ಕರೆತನ್ನಿರಿ. ಮಕ್ಕಳಿಗೂ ಅದು ಪಾಠ. ನಮ್ಮವರನ್ನು ಮಾತ್ರ ನೋಡಿಕೊಂಡರೆ ಸಾಲದೆ ಎಂದು ಯಾರಾದರೂ ಕೇಳಿಯಾರು. ಇವನಾರವನೆಂದು ಕೇಳಿ ಬಡಿಸುವ ಪದ್ಧತಿ ಮಹಾಮನೆಯಲ್ಲಿ ಇರಲಿಲ್ಲ. ಇದ್ದಿದ್ದರೆ ಅಫಘಾನಿಸ್ತಾನದವನಿಗೆ ಮೊದಲ ದಿನವೇ ಬಾಗಿಲು ಮುಚ್ಚುತ್ತಿತ್ತು.

ಇಂಥ ಕೆಲಸದಲ್ಲಿ ಹೆಸರು ಬರುವುದಿಲ್ಲ. ಅನ್ನದಾಸೋಹಕ್ಕೆ ಪಂದಿ ಕೂರುತ್ತದೆ, ಫೋಟೋ ಬರುತ್ತದೆ, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಅರ್ಜಿ ತುಂಬಿಸಿದವನ ಫೋಟೋ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಮೂರು ಸಲ ಹೋದರೂ ಕೆಲಸವಾಗದೆ ನಾಲ್ಕನೆಯ ಸಲ ಹೋಗಬೇಕಾದೀತು. ಬೇಸರವಾದೀತು. ಆಗ ಉಳವಿಯ ದಾರಿಯಲ್ಲಿ ಬಾಗಿಲು ತೆರೆದ ಆ ಹೆಸರಿಲ್ಲದ ಜನರನ್ನು ನೆನೆಯಿರಿ. ಅವರ ಸಾಲಿಗೆ ಸೇರುವ ಭಾಗ್ಯ ನಿಮಗೆ ಒದಗಿದೆ.

ಮುಂದಿನ ವರುಷ ನಾವು ಈ ಊರಿಗೆ ಬಂದಾಗ ಎಷ್ಟು ಕ್ವಿಂಟಲ್ ಅಕ್ಕಿ ಬೆಂದಿತೆಂದು ಕೇಳುವುದಿಲ್ಲ. ಎಷ್ಟು ಮಕ್ಕಳ ಹೆಸರು ಶಾಲೆಯ ಹಾಜರಿಗೆ ಏರಿತು, ಎಷ್ಟು ವಿಧವೆಯರ ಕೈಗೆ ಅವರ ಹಣ ಬಂತು, ಎಷ್ಟು ಜನರನ್ನು ನೀವು ಹೆಸರು ಹಿಡಿದು ಕರೆಯಬಲ್ಲಿರಿ ಎಂದು ಕೇಳುತ್ತೇವೆ. ಆ ಪುಸ್ತಕವನ್ನು ನಮ್ಮ ಮುಂದೆ ತಂದಿಡಿರಿ. ನೀವು ಮಾಡುವ ಪಾದಪೂಜೆಗಿಂತ ಅದು ನಮಗೆ ಹೆಚ್ಚು ಪ್ರಿಯವಾದದ್ದು.

ಘಟ್ಟ ಇಳಿದು ಬಂದವರ ದುಡಿಮೆಗೆ ತಕ್ಕ ಫಲ ದೊರೆಯಲಿ, ಅವರ ಮಕ್ಕಳಿಗೆ ಅಕ್ಷರ ದೊರೆಯಲಿ, ನಿಮ್ಮ ಕೈಗಳಿಗೆ ಸೇವೆಯ ಬಲ ದೊರೆಯಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.